ನಿಂತಲ್ಲೇ ಓಡಿದ ಎಣ್ಣೆ

ನಾನು ಎಂಜಿನ್ ಎಣ್ಣೆ. ಈಗ ನನ್ನನ್ನು ಕಂಡರೆ ನೀವು ಮೂಗು ಮುಚ್ಚಿಕೊಳ್ಳುತ್ತೀರಿ, ಗೊತ್ತು. ಡಬ್ಬಿಯ ಮುಚ್ಚಳ ತೆಗೆದ ದಿನ ಮಾತ್ರ ನನಗೆ ಜೇನುತುಪ್ಪದ ಬಣ್ಣವಿತ್ತು. ಕಲಬುರಗಿಯಿಂದ ಐವತ್ತು ಕಿಲೋಮೀಟರ್ ದೂರದ ಒಂದು ಸಣ್ಣ ಊರಿನಲ್ಲಿ ಮೆಕ್ಯಾನಿಕ್ ಮೌಲಾಲಿ ನನ್ನನ್ನು ಬಿಳಿ ಟರ್ಬೊ ಕಾರೊಂದರ ಹೊಟ್ಟೆಗೆ ಸುರಿದ. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿ ತುಂಬುವ ಪುಟ್ಟ ಚಕ್ರ. ಕಣ್ಣಿಗೆ ನಿಲುಕದಷ್ಟು ಜೋರಾಗಿ ತಿರುಗುತ್ತದೆ, ಕೆಂಡದಂತೆ ಕಾಯುತ್ತದೆ. ಅದರ ಅಚ್ಚು ಸವೆಯದಂತೆ ಕಾಯುವ ಕೆಲಸ ನನ್ನದು.

ಕಾರಿನ ಯಜಮಾನ ಚಂದ್ರಾಮಪ್ಪ ನಿವೃತ್ತ ಸರ್ವೆಯರ್. ಹೊಲ ಅಳೆದು ಅಳೆದು ತಲೆ ಬೆಳ್ಳಗಾದವನು. ಅಳತೆಗೆ ಸಿಗದ್ದನ್ನು ನಂಬುವವನಲ್ಲ. ಅವನ ಹೆಂಡತಿ ಜಗದೇವಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿ ರಕ್ತ ಸ್ವಚ್ಛ ಮಾಡಿಸಬೇಕು. ಡಯಾಲಿಸಿಸ್ ಕೇಂದ್ರವೇನೋ ಮನೆಯಿಂದ ಎರಡೇ ಕಿಲೋಮೀಟರ್. ಆದರೆ ಪಾಳಿ ಬರುವತನಕ ಬಿಸಿಲಲ್ಲಿ ಕೂರುವುದು ಅವಳಿಂದಾಗದು. ಹಾಗಾಗಿ ಚಂದ್ರಾಮಪ್ಪ ಬೇವಿನ ಮರದಡಿ ಕಾರು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಏಸಿಯಲ್ಲಿ ಅವಳನ್ನು ಕೂರಿಸುತ್ತಿದ್ದ. ಅವಳು ಹೊರಬರುವ ಅರ್ಧ ತಾಸು ಮೊದಲೇ ಮತ್ತೆ ಚಾಲೂ. ಸೀಟು ತಣ್ಣಗಿರಬೇಕಲ್ಲ!

“ಬಂದ್ ಮಾಡ್ರಿ, ಸುಮ್ನ ಪೆಟ್ರೋಲ್ ಸುಡ್ತದ,” ಎನ್ನುತ್ತಿದ್ದಳು ಜಗದೇವಿ.

“ನೀ ಸುಮ್ ಕೂಡು.”

ಅವಳಿಗೆ ತಂಪು, ನನಗೆ ನರಕ. ಗಾಡಿ ನಿಂತಿದ್ದರೂ ನಾನು ಒಳಗೆ ಸುತ್ತುತ್ತಲೇ ಇರಬೇಕು. ಸುಡದೆ ಉಳಿದ ಪೆಟ್ರೋಲಿನ ಹನಿ ನನ್ನೊಳಗಿಳಿಯಿತು, ಮಸಿ ಸೇರಿತು. ವಾರಕ್ಕೆ ಮೂರು ಸಲ ಅವಳ ರಕ್ತ ಸ್ವಚ್ಛವಾಗುತ್ತಿತ್ತು. ನನ್ನನ್ನು ಕೇಳುವವರೇ ಇಲ್ಲ. ಎಷ್ಟು ಬೈದುಕೊಂಡೆನೋ ಆ ಮನುಷ್ಯನನ್ನು!

ಮೌಲಾಲಿ ಹೇಳಿದ್ದ: “ಅಣ್ಣಾರೆ, ನಿಂತಲ್ಲೇ ಚಾಲೂ ಇಟ್ರ ಎಣ್ಣಿ ಲಗೂನ ಕೆಡ್ತದ. ಬದ್ಲಿ ಮಾಡೂಣ್ರಿ.”

“ಮೀಟರ್ ನೋಡಪಾ. ಎರಡು ವರ್ಷಕ್ಕ ಮೂರು ಸಾವಿರಾನೂ ಓಡಿಲ್ಲ,” ಎಂದು ಚಂದ್ರಾಮಪ್ಪ ನಕ್ಕುಬಿಟ್ಟ.

ಏಪ್ರಿಲ್‌ನಲ್ಲಿ ಕೇಂದ್ರದ ಯಂತ್ರ ಕೆಟ್ಟಿತು. ಇವತ್ತು ಸರಿಯಾಗುತ್ತದೆ, ನಾಳೆ ಆಗುತ್ತದೆ ಎನ್ನುತ್ತಲೇ ಎರಡು ಪಾಳಿ ತಪ್ಪಿದವು. ಜಗದೇವಿಯ ಮೈ ಬಾತು ಉಸಿರು ಕಟ್ಟತೊಡಗಿತು. ಸುಡು ಮಧ್ಯಾಹ್ನ ಚಂದ್ರಾಮಪ್ಪ ಅವಳನ್ನು ಕೂರಿಸಿಕೊಂಡು ಕಲಬುರಗಿಯತ್ತ ಕಾರು ಓಡಿಸಿದ. ಅಷ್ಟು ವೇಗವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಟರ್ಬೊ ನನ್ನನ್ನು ಕೂಗಿ ಕರೆಯುತ್ತಿತ್ತು. ಆದರೆ ನಾನು ಅಂಟಿನಂತೆ ಗಟ್ಟಿಯಾಗಿದ್ದೆ; ಅದಕ್ಕೆ ಹೋಗುವ ಸಣ್ಣ ಕೊಳವೆ ನನ್ನ ಕಿಟ್ಟದಿಂದಲೇ ಕಟ್ಟಿತ್ತು. ಕಿರ್ರೆಂದು ಕಿರುಚಿ ಅಚ್ಚು ತಿರುಗದೆ ಹಿಡಿದುಕೊಂಡಿತು. ಹಿಂದಿನಿಂದ ದಟ್ಟ ಹೊಗೆ. ಅರ್ಧ ದಾರಿಯಲ್ಲಿ ಕಾರು ನಿಂತಿತು.

ಟಂಟಂ ಆಟೋ ಸಿಗುವಷ್ಟರಲ್ಲಿ ಒಂದು ತಾಸು ಕಳೆಯಿತು. ಆ ತಾಸು ಜಗದೇವಿ ಬಿಸಿಲಲ್ಲೇ ಕೂತಿದ್ದಳು.

ಹದಿನೈದು ದಿನದ ಮೇಲೆ ಚಂದ್ರಾಮಪ್ಪ ಕಾರು ಎಳೆಸಿಕೊಂಡು ಗ್ಯಾರೇಜಿಗೆ ಬಂದ. ಮೌಲಾಲಿ ಬುಡದ ಬೋಲ್ಟು ಬಿಚ್ಚಿದಾಗ ನಾನು ಕೆಳಗಿಟ್ಟ ತಟ್ಟೆಗೆ ಡಾಂಬರಿನಂತೆ ತೊಟ್ಟಿಕ್ಕಿದೆ. ಅವನು ಬೆರಳಿಗೆ ಹಚ್ಚಿ ನೋಡಿ, “ಗಾಡಿ ಓಡಿಲ್ಲ, ಖರೆ ಅದರಿ. ಎಣ್ಣಿ ಓಡ್ಯದ,” ಎಂದ.

“ಒಂದ್ ತಾಸು ಮುಂಚೆ ಬಂದಿದ್ರ ಉಳೀತಿದ್ಲು ಅಂದ್ರಪಾ ಡಾಕ್ಟರು,” ಎಂದ ಚಂದ್ರಾಮಪ್ಪ. “ಬಂದ್ ಮಾಡ್ರಿ ಅಂತ ದಿನಾ ಹೇಳ್ತಿದ್ಲು.”

ಮೌಲಾಲಿ ಬೆರಳನ್ನು ಬಟ್ಟೆಗೆ ಒರೆಸಿಕೊಂಡ. ನನಗೆ ಆ ತಟ್ಟೆಯಲ್ಲೇ ಇಂಗಿಹೋಗಬೇಕೆನಿಸಿತು.

ಚಂದ್ರಾಮಪ್ಪ ನನ್ನನ್ನು ಡಬ್ಬಿಯಲ್ಲಿ ಮನೆಗೆ ಒಯ್ದ. ಜಗದೇವಿಯ ಮಂಚವನ್ನು ಹಿಂದಿನ ಕೋಣೆಗೆ ಸರಿಸಿ, ಗೆದ್ದಲು ಹತ್ತದಿರಲೆಂದು ಅದರ ಕಾಲುಗಳಿಗೆ ನನ್ನನ್ನು ಬಳಿದ. ಈಗ ಅಲ್ಲೇ ಇದ್ದೇನೆ.

ಕಾರು ರಿಪೇರಿಯಾಗಿ ಅಂಗಳಕ್ಕೆ ಬಂದಿದೆ. ಡಯಾಲಿಸಿಸ್ ದಿನಗಳಲ್ಲಿ, ಅವಳು ಹೊರಬರುತ್ತಿದ್ದ ಹೊತ್ತಿಗೆ ಅರ್ಧ ತಾಸು ಮೊದಲು, ಚಂದ್ರಾಮಪ್ಪ ಹೋಗಿ ಎಂಜಿನ್ ಚಾಲೂ ಮಾಡಿ ಏಸಿ ಹಾಕುತ್ತಾನೆ. ಪಕ್ಕದ ಸೀಟಿನ ಮೇಲೆ ಕೈಯಿಟ್ಟು ಕೂತಿರುತ್ತಾನೆ ಎಂದು ಕೆಲಸದಾಕೆ ಹೇಳುವುದು ಕೇಳಿಸಿದೆ. ಮೀಟರು ಅಲುಗುವುದಿಲ್ಲ. ಒಳಗೆ ಹೊಸ ಎಣ್ಣೆ ಸುತ್ತುತ್ತಾ ಗೊಣಗುತ್ತಿರುತ್ತದೆ.

ಬೈಯಬೇಡ ತಮ್ಮಾ, ಎನ್ನುತ್ತೇನೆ ನಾನು ಇಲ್ಲಿಂದ. ಸೀಟು ತಣ್ಣಗಾಗಲಿ ಬಿಡು.