ಇಳಿಯುವ ಭಾರ

ಮುಂಬೈಯಿಂದ ದೋಣಿಗೆ ಹೊಸ ವಿಂಚ್, ಅಂದರೆ ಭಾರ ಎತ್ತಿಳಿಸುವ ರಾಟೆ, ತರಿಸಿದರೆ ಒಂಬತ್ತು ಸಾವಿರದ ನಾನೂರು ರೂಪಾಯಿ. ಪಾರ್ಸೆಲ್ ಖರ್ಚು ಬೇರೆ, ಬರುವುದಕ್ಕೆ ಎರಡು ತಿಂಗಳು. ಹಿರಿಯೂರಿನ ಕಾಟಪ್ಪ ತನ್ನಲ್ಲಿದ್ದದ್ದನ್ನು ಕೂರಿಸಿಕೊಡಲು ಕೇಳಿದ್ದು ಎಂಟು ನೂರು ಮತ್ತು ಕೆಲಸದ ದಿನ ಮಧ್ಯಾಹ್ನದ ಊಟ. ದೋಣಿಯನ್ನೇ ಹದಿನಾಲ್ಕು ಸಾವಿರಕ್ಕೆ ಕೊಂಡಿದ್ದ ರಂಗಪ್ಪನಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ.

ರಂಗಪ್ಪ ಮತ್ತೋಡಿನ ಕಡೆಯವನು. ಮುಂಬೈಯ ಒಂದು ಹಾಯಿದೋಣಿ ಕ್ಲಬ್ಬಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದ್ದ. ಭಾನುವಾರ ಮೆಂಬರುಗಳಲ್ಲಿ ಯಾರಿಗಾದರೂ ಜೊತೆಯಾಳು ಸಿಗದಿದ್ದರೆ ಸೌಟು ಕೆಳಗಿಟ್ಟು ದೋಣಿ ಹತ್ತುತ್ತಿದ್ದ. ಗಾಳಿ ಹಿಡಿಯುವುದನ್ನು ಕಲಿತದ್ದು ಹಾಗೆ. ಕೆಲಸ ಬಿಟ್ಟು ಬರುವಾಗ ಮುದುಕ ಮೆಂಬರೊಬ್ಬ ಮಾರಿದ ಹದಿನೆಂಟು ಅಡಿಯ ಹಳೆಯ ದೋಣಿಯನ್ನು ಲಾರಿಗೆ ಹೇರಿಸಿಕೊಂಡು ಊರಿಗೆ ತಂದ. ರಾಗಿ ಹೊಲದಲ್ಲಿ ದೋಣಿ ಬಿತ್ತುತ್ತಾನೇನೋ ಎಂದು ಊರವರು ನಕ್ಕರು. ಎರಡು ಸಾವಿರದ ಇಸವಿಯಲ್ಲಿ ಮಾರಿಕಣಿವೆ ಅಣೆಕಟ್ಟಿಗೆ ಒಳ್ಳೆಯ ನೀರು ಬಂದು, ಹಿನ್ನೀರು ಅವನ ಹೊಲದ ಬದುವಿನ ಹತ್ತಿರ ಬಂದು ನಿಂತ ಮೇಲೆ, ನಕ್ಕವರೇ ಒಂದು ಸುತ್ತು ಕರೆದುಕೊಂಡು ಹೋಗು ಎಂದು ದುಂಬಾಲು ಬಿದ್ದರು.

ಆ ದೋಣಿಯ ಹೊಟ್ಟೆಯ ನಡುವೆ ಒಂದು ಸೀಳಿದೆ. ಅದರೊಳಗಿಂದ ತೊಂಬತ್ತು ಕಿಲೋ ತೂಕದ ಕಬ್ಬಿಣದ ಹಲಗೆಯೊಂದು ನೀರಿಗೆ ಇಳಿಯುತ್ತದೆ. ರಂಗಪ್ಪ ಅದನ್ನು ಕೀಲ್ ಎನ್ನುತ್ತಿದ್ದ. ಕೀಲ್ ಕೆಳಗಿದ್ದರೆ ಗಾಳಿ ತಳ್ಳಿದರೂ ದೋಣಿ ಮಗುಚದು. ದಡಕ್ಕೆ ಬರುವಾಗ ಎತ್ತಿಕೊಳ್ಳದಿದ್ದರೆ ನೆಲ ಕಚ್ಚಿ ನಿಲ್ಲುತ್ತದೆ. ಎತ್ತುವುದು, ಇಳಿಸುವುದು ಎರಡೂ ಕೈಯಿಂದ ತಿರುವುವ ವಿಂಚಿನ ಕೆಲಸ. ರಂಗಪ್ಪ ಚುಕ್ಕಾಣಿ ಮತ್ತು ಹಾಯಿ ಹಿಡಿದರೆ, ವಿಂಚ್ ಅವನ ಹೆಂಡತಿ ಚಂದ್ರಕ್ಕನದು. ಒಬ್ಬರಿಂದ ಆಗುವ ಕೆಲಸವಲ್ಲ ಅದು.

ದೀಪಾವಳಿ ಕಳೆದ ವಾರ ವಿಂಚಿನ ಸವೆದ ಹಲ್ಲು ಜಾರಿ, ಹಿಡಿಕೆ ಗಿರ್ರನೆ ಹಿಂದಕ್ಕೆ ತಿರುಗಿ ಚಂದ್ರಕ್ಕನ ಮಣಿಕಟ್ಟಿಗೆ ಬಡಿಯಿತು. ಮೂಳೆ ಬಿರುಕು ಬಿಟ್ಟು ಆರು ವಾರ ಪಟ್ಟಿ. ಬಿಚ್ಚಿಸಿಕೊಂಡು ಬಂದ ದಿನ ಅವಳು ಗಂಡನಿಗೆ ಹೇಳಿದಳು:

"ಬೇರೇದು ಹಾಕ್ಸ್ರಿ. ತಿರುವಾದು ನಾನೇ. ಇನ್ನೊಂದ್ ಸಲ ನನಗೆ ಒದ್ರೆ ಮಾತ್ರ ದೋಣಿ ಮಾರ್ಬಿಡಾಣ."

ಇಪ್ಪತ್ತಾರು ವರ್ಷ ಗಂಡ ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದಾಗ ಹೊಲ ಮನೆ ನಿಭಾಯಿಸಿದವಳು. ಅವಳು ಹೇಳಿದರೆ ಹೇಳಿದ್ದೇ. ದೋಣಿ ಮಾರಿದರೆ ತನಗೆ ಉಳಿಯುವುದು ಜಗಲಿ ಮತ್ತು ಪೇಪರು ಎಂದು ರಂಗಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಕಾಟಪ್ಪನ ಕಸುಬು ಬಾವಿ ಕ್ರೇನು. ಮೂವತ್ತು ವರ್ಷ ಬಾವಿ ಆಳ ಮಾಡುವವರಿಗೆ ಕ್ರೇನು ಕಟ್ಟಿಕೊಟ್ಟು, ತಾನೇ ನಿಂತು ಮಣ್ಣಿನ ಬುಟ್ಟಿ ಎತ್ತಿದವನು. ಬೋರುಗಳು ಬಂದು ಬಾವಿ ತೋಡಿಸುವವರು ಕಡಿಮೆಯಾದ ಮೇಲೆ ಅವನ ಶೆಡ್ಡಿನಲ್ಲಿ ವಿಂಚುಗಳು ಸುಮ್ಮನೆ ಬಿದ್ದಿದ್ದವು. ಅವುಗಳಲ್ಲೇ ಗಟ್ಟಿಯಾದದ್ದೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಅರ್ಧ ದಿನದಲ್ಲಿ ಹಳೆಯದನ್ನು ಬಿಚ್ಚಿ ತನ್ನದನ್ನು ಕೂರಿಸಿ, ಹೊಸ ಉಕ್ಕಿನ ಹಗ್ಗ ಸುತ್ತಿ, ಎರಡು ಮುದ್ದೆ ಉಂಡು, ದೋಣಿಯನ್ನು ಆಳದ ನೀರಿಗೆ ಬಿಡಿಸಿದ.

ಮೊದಲು ತಾನೇ ತಿರುವಿ ತೋರಿಸುತ್ತೇನೆಂದ. ಗಂಡಸರಿಬ್ಬರೂ ಹಗ್ಗ ಹಿಡಿದು ನೀರಿಗೆ ಇಳಿಸಿದ್ದ ಕೀಲ್ ಟಕಟಕ ಸದ್ದಿನೊಂದಿಗೆ ಸಲೀಸಾಗಿ ಮೇಲೆ ಬಂತು. ಹಲ್ಲುಚಕ್ರಕ್ಕೆ ಅಡ್ಡ ಕೂರುವ ಕೊಕ್ಕೆ ಅದನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿತು. ರಂಗಪ್ಪ ಹೆಂಡತಿಯ ಮುಖ ನೋಡಿ ಸಮಾಧಾನಪಟ್ಟ. ಆಮೇಲೆ ಇಳಿಸುವುದಕ್ಕೆಂದು ಕಾಟಪ್ಪ, ಬಾವಿಯ ದಂಡೆಯ ಮೇಲೆ ದಿನಕ್ಕೆ ನೂರು ಸಲ ಮಾಡುತ್ತಿದ್ದ ಹಾಗೆ, ಕೊಕ್ಕೆಯನ್ನು ಬೆರಳಿನಿಂದ ಎತ್ತಿ, ಕೈ ಹಿಂದಕ್ಕೆ ತೆಗೆದ.

ತೊಂಬತ್ತು ಕಿಲೋ ಕಬ್ಬಿಣ ಒಂದೇ ಉಸಿರಿಗೆ ಬಿತ್ತು. ಹಿಡಿಕೆ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗಿತು. ದೋಣಿ ನಡುಗಿ, ಸೀಳಿನಿಂದ ನೀರು ಚಿಮ್ಮಿ ಮೂವರನ್ನೂ ತೋಯಿಸಿತು. ವಿಂಚಿನ ಕೆಳಗಿನ ಹಲಗೆಯೊಂದು ಸೀಳಿ ಎದ್ದಿತು.

ಯಾರಿಗೂ ಪೆಟ್ಟಾಗಿರಲಿಲ್ಲ. ದೋಣಿ ಕೊಡುತ್ತೀಯಾ ಎಂದು ಹೋದ ತಿಂಗಳು ಕೇಳಿದ್ದ ಹೊಸದುರ್ಗದ ಕಂಟ್ರಾಕ್ಟರನ ಮುಖ ರಂಗಪ್ಪನ ಕಣ್ಣ ಮುಂದೆ ಬಂತು.

ಚಂದ್ರಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ವಿಂಚಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಸ್ವಲ್ಪ ಹೊತ್ತು ಅದನ್ನೇ ನೋಡಿ ಕೇಳಿದಳು:

"ಕಾಟಪ್ಪಣ್ಣ, ನಿಮ್ ಬಾವಿನಾಗೆ ಬುಟ್ಟಿ ತುಂಬಿ ಇಳೀತೈತಾ?"

"ಇಲ್ಲಕ್ಕ. ಖಾಲಿ ಇಳೀತೈತೆ. ತುಂಬಿ ಬರ್ತೈತೆ."

"ನಮ್ಮದು ತುಂಬೇ ಇಳೀತೈತಲ್ಲಪ್ಪ."

ಬಾವಿಯ ತಳದಲ್ಲಿ ನಾಲ್ಕು ಜನ ಬುಟ್ಟಿಗೆ ಕಾಯುತ್ತಿರುತ್ತಾರೆ. ಬೇಗ ಇಳಿಯದ ವಿಂಚನ್ನು ಅಲ್ಲಿ ಬೈಯುತ್ತಾರೆ. ಮೂವತ್ತು ವರ್ಷ ಕಾಟಪ್ಪ ಎತ್ತುವುದನ್ನು ಮಾತ್ರ ಯೋಚಿಸಿದ್ದ, ಇಳಿಸುವುದನ್ನು ಯೋಚಿಸಬೇಕಾದ ಪ್ರಸಂಗವೇ ಬಂದಿರಲಿಲ್ಲ. ಅದನ್ನು ಮುಚ್ಚಿಡದೆ ಹೇಳಿಕೊಂಡ. ತಪ್ಪು ತನ್ನದೇ, ಎಂಟು ದಿನ ಕೊಟ್ಟರೆ ಬೇರೆಯದನ್ನು ಕೂರಿಸುತ್ತೇನೆ, ಹಲಗೆಯೂ ತನ್ನ ಖರ್ಚಿನದೇ ಎಂದ.

ರಂಗಪ್ಪ ಹೆಂಡತಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ.

"ನನಗೆ ಒದ್ರೆ ಅಂದಿದ್ದೆ," ಎಂದಳು ಚಂದ್ರಕ್ಕ. "ನನಗೆ ಒದ್ದಿಲ್ಲ. ಎಂಟು ದಿನ ತಗಳ್ರಿ."

ಕಾಟಪ್ಪ ಧರ್ಮಪುರದಲ್ಲಿ ಮುಚ್ಚಿಹೋಗಿದ್ದ ಕಡಲೆಕಾಯಿ ಎಣ್ಣೆ ಮಿಲ್ಲೊಂದಕ್ಕೆ ಹೋದ. ಬೀಜ ಹುರಿಯುವ ದೊಡ್ಡ ಬಾಂಡಲೆಯೊಳಗೆ ಸೌಟು ತಿರುಗಿಸಲು ಅಲ್ಲೊಂದು ಗೇರ್ ಇತ್ತು: ಒಂದು ತಿರುಪಿನ ಸರಳು, ಅದಕ್ಕೆ ಕಚ್ಚಿಕೊಂಡ ಒಂದು ಚಕ್ರ. ಸರಳನ್ನು ತಿರುವಿದರೆ ಚಕ್ರ ತಿರುಗುತ್ತದೆ. ಚಕ್ರವನ್ನು ಎಷ್ಟೇ ಎಳೆದರೂ ಸರಳು ಮಿಸುಕದು. ಅವನಿಗೆ ಬೇಕಾದದ್ದು ಅದೇ. ದುಡ್ಡಿನ ಬದಲು ಮಿಲ್ಲಿನವನಿಗೆ ಅವನ ಮನೆಯ ಅಟ್ಟಕ್ಕೆ ಮೂಟೆ ಏರಿಸಲು ತನ್ನ ಬಾವಿ ವಿಂಚನ್ನೇ ಕೊಟ್ಟ. ಗೇರನ್ನು ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿದರೂ ಕಡಲೆಹಿಂಡಿಯ ವಾಸನೆ ಹೋಗಲಿಲ್ಲ.

ಒಂಬತ್ತನೆಯ ದಿನ ಮತ್ತೆ ಅದೇ ಆಳದ ನೀರು. ಈ ಸಲ ಕಾಟಪ್ಪ ಹಿಡಿಕೆ ಮುಟ್ಟಲೇ ಇಲ್ಲ. ಚಂದ್ರಕ್ಕ ಕೂತು ತಿರುವತೊಡಗಿದಳು. ಕೀಲ್ ಬೆರಳಷ್ಟು ಬೆರಳಷ್ಟೇ ಇಳಿಯಿತು. ರಂಗಪ್ಪ ಸುತ್ತುಗಳನ್ನು ಎಣಿಸುತ್ತಿದ್ದ. ಅರವತ್ತಕ್ಕೆ, ಕಬ್ಬಿಣ ಇನ್ನೂ ಅರ್ಧ ದಾರಿಯಲ್ಲಿರುವಾಗಲೇ, ಅವಳು ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ರಂಗಪ್ಪ ಥಟ್ಟನೆ ಹಿಂದೆ ಸರಿದ. ಹಿಡಿಕೆ ಅಲ್ಲಾಡಲಿಲ್ಲ. ಅವಳು ಅದನ್ನು ಒಂದು ಬೆರಳಿನಿಂದ ತಟ್ಟಿ ನೋಡಿದಳು. ಆಮೇಲೆ ಅಂಗೈಯಿಂದ ದಬ್ಬಿ ನೋಡಿದಳು.

"ನಿಂತೈತೆ," ಎಂದಳು. "ನೀವೇನ್ ಉಸಿರು ಬಿಗಿ ಹಿಡ್ಕಂಡಿದೀರಿ, ಮಿಕ್ಕಿದ್ದು ಇಳಿಸ್ತೀನಿ, ಹಾಯಿ ಏರಿಸ್ರಿ. ಗಾಳಿ ಐತೆ, ಹೋಗಾಣ."

ಕಾಟಪ್ಪನೂ ದೋಣಿಯಲ್ಲೇ ಉಳಿದ. ಹಾಯಿಗೆ ಗಾಳಿ ತುಂಬಿ ದೋಣಿ ಒಂದು ಪಕ್ಕಕ್ಕೆ ಬಾಗಿದಾಗ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡು, ಬಾವಿಯೇ ವಾಸಿ ಎಂದು ಗೊಣಗಿದ. ಗುಡ್ಡದ ನೆರಳು ದಾಟಿ ಬಿಸಿಲಿಗೆ ಬರುವಷ್ಟರಲ್ಲಿ ಒಂದು ಕೈ ಬಿಟ್ಟಿದ್ದ.

ಮೊದಲು ಹತ್ತು ಎಣಿಸುವಷ್ಟರಲ್ಲಿ ಇಳಿಯುತ್ತಿದ್ದ ಕೀಲಿಗೆ ಈಗ ನೂರಿಪ್ಪತ್ತು ಸುತ್ತು ಬೇಕು, ಎತ್ತುವುದಕ್ಕೂ ಅಷ್ಟೇ. ದಡಕ್ಕೆ ಬರುವ ಎಷ್ಟೋ ಮುಂಚೆಯೇ ತಿರುವಲು ಶುರುಮಾಡಬೇಕು. ಆದ್ದರಿಂದ ಪ್ರತಿ ಸುತ್ತಾಟದಲ್ಲೂ ಕಾಲು ಗಂಟೆ ಇದಕ್ಕೇ ಹೋಗುತ್ತಿತ್ತು. ದೋಣಿ ಉಳಿಯಿತು. ಚಂದ್ರಕ್ಕ ಅದರಲ್ಲಿ ಕೂರುವುದನ್ನು ಬಿಡಲಿಲ್ಲ.