ತೊಂಬತ್ತೇಳಕ್ಕೆ ನಿಲ್ಲುವ ಥರ್ಮಾಮೀಟರು

ನಾನು ಗೇಣುದ್ದದ ಒಂದು ಗಾಜಿನ ಕಡ್ಡಿ. ಹೊಟ್ಟೆಯಲ್ಲಿ ಒಂದು ಹನಿ ಪಾದರಸ. ಮುಂಬೈಯ ಕಡಲ ಪಕ್ಕದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಹುಟ್ಟಿದ ಕೂಡಲೇ ನನ್ನನ್ನು ಕರಗುವ ಮಂಜುಗಡ್ಡೆಯಲ್ಲಿ ನಿಲ್ಲಿಸಿದರು. ಪಾದರಸ ಮುದುಡಿ ನಿಂತ ಜಾಗಕ್ಕೆ ಸೊನ್ನೆ ಎಂದು ಗೆರೆ ಎಳೆದರು. ಆಮೇಲೆ ಕುದಿಯುವ ನೀರಿನ ಹಬೆಗೆ ಹಿಡಿದರು. ಏರಿ ನಿಂತಲ್ಲಿ ನೂರು ಎಂದರು. ಕೂಸಿಗೆ ನೀರೆರೆದು ಹೆಸರಿಟ್ಟ ಹಾಗಾಯಿತು. ಎಷ್ಟು ಬಿಸಿಯೋ ಅಷ್ಟನ್ನೇ ತೋರಿಸುವುದು ನನ್ನ ಕೆಲಸ. ಬೇರೆ ಏನೂ ನನಗೆ ಬರದು.

ಹತ್ತಿಯಲ್ಲಿ ಸುತ್ತಿಸಿಕೊಂಡು ಕೋಲಾರದ ಒಂದು ಬಿ.ಎಡ್. ಕಾಲೇಜಿಗೆ ಬಂದೆ. ಮುಂದೆ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಡುವವರು ಅಲ್ಲಿ ತಯಾರಾಗುತ್ತಿದ್ದರು. ನನ್ನ ಜೊತೆಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಕೈಜಾರಿ ಒಡೆದುಹೋಗಿ, ಕೊನೆಗೆ ನಾನೊಬ್ಬನೇ ಉಳಿದೆ. ವರ್ಷ ವರ್ಷವೂ ನೀರಿನ ಕುದಿಬಿಂದು ಅಳೆಯುವ ಪ್ರಯೋಗ. ನೀರು ಕೊತಕೊತ ಕುದಿಯುತ್ತಿತ್ತು, ನಾನು ತೊಂಬತ್ತೇಳಕ್ಕೆ ನಿಲ್ಲುತ್ತಿದ್ದೆ. ಉರಿ ಎಷ್ಟು ಹೆಚ್ಚಿಸಿದರೂ ಅಲ್ಲಿಂದ ಮೇಲೇರಲು ನನ್ನಿಂದಾಗುತ್ತಿರಲಿಲ್ಲ. ವಿದ್ಯಾರ್ಥಿಗಳು ನನ್ನನ್ನೊಮ್ಮೆ ನೋಡಿ, ಪುಸ್ತಕದಲ್ಲಿದ್ದದ್ದನ್ನು ನೆನೆದು, ‘ನೂರು’ ಎಂದು ಬರೆದು ಊಟಕ್ಕೆ ಹೋಗುತ್ತಿದ್ದರು.

“ಇದು ಮೂರು ಡಿಗ್ರಿ ನುಂಗ್ತೈತೆ ಕಣ್ರೋ, ಹೊಟ್ಟೆಬಾಕ!” ಎಂದು ನಂಜೇಗೌಡ ಎಂಬ ವಿದ್ಯಾರ್ಥಿ ನಗಿಸಿದ. ಅಂದಿನಿಂದ ನನಗೆ ಹೊಟ್ಟೆಬಾಕ ಎಂದೇ ಹೆಸರಾಯಿತು. ದಿನಾ ಅದನ್ನೇ ಕೇಳಿ ಕೇಳಿ ನನಗೂ ಅನುಮಾನ ಬಂತು. ನಾನು ಕೆಟ್ಟುಹೋದವನೇ ಇರಬಹುದು ಎಂದುಕೊಂಡೆ.

ಆ ವರ್ಷವೇ ಮಂಗಳೂರಿನಿಂದ ಐರಿನ್ ಲೋಬೊ ಎಂಬ ಮೇಡಂ ಬಂದರು. ವಿಜ್ಞಾನ ಕಲಿಸಲು ಹೊರಟವರು ತಾವು ವಿಜ್ಞಾನವನ್ನು ಹೇಗೆ ಕಲಿಯುತ್ತಾರೆ, ನೋಡುವುದು, ಅಳೆಯುವುದು, ಪರೀಕ್ಷಿಸುವುದು ಅವರಿಗೆ ಹೇಗೆ ಒಗ್ಗುತ್ತದೆ ಎನ್ನುವುದು ಮೇಡಂ ಅವರ ಸಂಶೋಧನೆ. ಲ್ಯಾಬಿನ ಮೂಲೆಯ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದರು. ಪ್ರಶ್ನೆ ಕೇಳುತ್ತಿದ್ದರು, ಉತ್ತರ ಮಾತ್ರ ಹೇಳುತ್ತಿರಲಿಲ್ಲ. “ನಾನು ಹೇಳಿಕೊಟ್ಟರೆ ಆಮೇಲೆ ನನಗೆ ಕಾಣುವುದು ನನ್ನದೇ ಪಾಠ” ಎಂದು ಮೊದಲ ದಿನವೇ ತಿಳಿಸಿದ್ದರು.

ನಂಜೇಗೌಡನ ಸರದಿ ಮುಗಿದಾಗ ಕೇಳಿದರು, “ಎಷ್ಟು ಬಂತು?”

“ನೂರು, ಮೇಡಂ.”

“ಕಂಡದ್ದಾ, ಗೊತ್ತಿದ್ದದ್ದಾ?”

ಅವನು ಪುಸ್ತಕ ತೆರೆದು ತೋರಿಸಿದ.

ಅವನ ನಂತರ ಚೌಡೇಶ್ವರಿಯ ಸರದಿ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲೇ ಫೇಲಾಗಿ, ಮತ್ತೆ ಕಟ್ಟಿ ಪಾಸಾದವಳು ಅವಳು. ಅಂದಿನಿಂದ ತನ್ನ ಮೇಲೆ ತನಗೇ ನಂಬಿಕೆಯಿರಲಿಲ್ಲ. ಉತ್ತರ ಗೊತ್ತಿದ್ದರೂ ಪಕ್ಕದವರ ಹಾಳೆ ನೋಡಿಯೇ ಬರೆಯುತ್ತಿದ್ದಳು.

“ಕಂಡದ್ದು ತೊಂಬತ್ತೇಳು ಮೇಡಂ. ಬರೆದದ್ದು ನೂರು.”

“ಯಾಕೆ ಮಾರಾಯ್ತಿ?”

“ಎಲ್ರಿಗೂ ನೂರು ಬಂದೈತಲ್ಲ. ನನ್ನ ಕಣ್ಣೇ ಸರಿಯಿಲ್ಲವೇನೋ ಅಂತ.”

ಐರಿನ್ ಮೇಡಂ ಏನೋ ಹೇಳಲು ಬಾಯಿ ತೆರೆದರು. ಹೇಳದೆ ಪೆನ್ನಿನ ಮುಚ್ಚಳ ಕಚ್ಚಿಕೊಂಡರು. ಮಗು ತೂರಾಡುತ್ತ ಮೊದಲ ಹೆಜ್ಜೆ ಇಡುವಾಗ ಕೈ ಚಾಚದೆ ಕೂತಿರುವುದು ಎಷ್ಟು ಕಷ್ಟ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. “ಕಣ್ಣು ಸರಿಯಿಲ್ಲವೋ, ಕಡ್ಡಿ ಸರಿಯಿಲ್ಲವೋ, ತಿಳಿಯುವುದು ಹೇಗೆ?” ಎಂದಷ್ಟೇ ಕೇಳಿದರು.

ಮರುದಿನ ಚೌಡೇಶ್ವರಿ ಬಸ್‌ಸ್ಟ್ಯಾಂಡಿನ ಜ್ಯೂಸ್ ಅಂಗಡಿಯಿಂದ ಟಿಫಿನ್ ಡಬ್ಬಿಯಲ್ಲಿ ಐಸು ತಂದಳು. ಪುಡಿ ಮಾಡಿ ನನ್ನನ್ನು ಅದರೊಳಗೆ ನಿಲ್ಲಿಸಿದಳು. ನನಗೆ ಹುಟ್ಟಿದ ದಿನ ನೆನಪಾಯಿತು. ಜಾರುತ್ತ ಜಾರುತ್ತ ಬಂದು ಸೊನ್ನೆಯ ಗೆರೆಯ ಮೇಲೇ ನಿಂತೆ. ಅವಳು ಬಗ್ಗಿ ನೋಡಿದಳು, ಮತ್ತೊಮ್ಮೆ ನೋಡಿದಳು. “ಇಲ್ಲಿ ಸರಿಯಾಗೇ ತೋರಿಸ್ತೀಯಲ್ಲೋ” ಎಂದಳು. ಯಾರೂ ನನ್ನನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಕೊನೆಗೆ ಅವಳ ಪಾಠದ ಪರೀಕ್ಷೆ ಬಂತು. ಹತ್ತಿರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಬೇಕು. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು, ಅವರ ಪಕ್ಕ ಲ್ಯಾಬು ನೋಡಿಕೊಳ್ಳುವ ಶಿವಶಂಕರಯ್ಯ ಮೇಷ್ಟ್ರು, ಬಾಗಿಲ ಬಳಿ ಐರಿನ್ ಮೇಡಂ. ನೀರು ಕುದಿಯಿತು. ಎರಡು ಜಡೆಯ ಹುಡುಗಿಯೊಬ್ಬಳು ನನ್ನನ್ನು ನೋಡಿ, “ತೊಂಬತ್ತೇಳು ಮಿಸ್” ಎಂದಳು.

“ಲೇ, ಬುಕ್ಕಲ್ಲಿ ನೂರೈತೆ!” ಎಂದು ಹಿಂದಿನಿಂದ ಕೂಗು. ತರಗತಿ ಗೊಳ್ಳೆಂದಿತು. ಹುಡುಗಿಯ ಕಣ್ಣು ತುಂಬಿತು. ‘ನನಗೇ ಸರಿಯಾಗಿ ಕಾಣಲಿಲ್ಲವೇನೋ’ ಎಂಬ ಆ ಮುಖ ನನಗೆ ಗೊತ್ತಿದ್ದ ಮುಖ.

ಚೌಡೇಶ್ವರಿ ಚಾಕ್‌ಪೀಸು ಕೈಗೆತ್ತಿಕೊಂಡಳು. ನೂರು ಎಂದು ಬರೆದರೆ ಅವಳಿಗೆ ಅಂಕ ಬರುತ್ತದೆ, ಆ ಹುಡುಗಿ ಇನ್ನೊಬ್ಬ ಚೌಡೇಶ್ವರಿಯಾಗುತ್ತಾಳೆ. ಅವಳು ಹಲಗೆಗೆ ತಿರುಗಿ ದಪ್ಪಗೆ ‘೯೭’ ಎಂದು ಬರೆದಳು. “ಇವಳು ಕಂಡದ್ದನ್ನೇ ಹೇಳಿದಾಳೆ. ಯಾಕೆ ಹೀಗೆ ಅಂತ ನನಗೂ ಇನ್ನೂ ಗೊತ್ತಿಲ್ಲ. ಎಲ್ಲರೂ ಬಂದು ನೋಡಿ.”

ಪರೀಕ್ಷಕರು ಹುಬ್ಬು ಗಂಟಿಕ್ಕಿದರು. “ಬೇರೆ ಥರ್ಮಾಮೀಟರ್ ತರಬಾರದಿತ್ತೇನಮ್ಮ?”

“ಐಸಿನಲ್ಲಿ ಸರಿಯಾಗಿ ಸೊನ್ನೆ ತೋರಿಸ್ತು ಸಾರ್. ನೋಡಿಯೇ ತಂದೆ.”

ಪಾಸಾಗುವಷ್ಟು ಅಂಕ ಬಂತು, ಹೆಚ್ಚೇನಿಲ್ಲ. ಆದರೆ ಐರಿನ್ ಮೇಡಂ ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವರ ಸಂಶೋಧನೆಯ ಕೆಲಸವೂ ಮುಗಿದಿತ್ತು. “ಈಗ ನಾನು ಹೇಳಬಹುದು, ಆದರೆ ಹೇಳುವುದಿಲ್ಲ. ಇದನ್ನು ಹಿಡಿದುಕೊಂಡು ಒಮ್ಮೆ ಮಂಗಳೂರಿಗೆ, ನಮ್ಮ ಮನೆಗೆ ಬಾ” ಎಂದು ಚೌಡೇಶ್ವರಿಗೆ ಹೇಳಿದರು. “ಹೊಟ್ಟೆಬಾಕ ತಾನೇ, ತಗೊಂಡು ಹೋಗಮ್ಮ” ಎಂದು ಶಿವಶಂಕರಯ್ಯ ಮೇಷ್ಟ್ರು ನನ್ನನ್ನು ಅವಳಿಗೇ ಕೊಟ್ಟುಬಿಟ್ಟರು.

ಮಂಗಳೂರಿನ ಅಡುಗೆಮನೆ. ಮೀನು ಸಾರಿನ ಪಾತ್ರೆ ಇಳಿಸಿ ಐರಿನ್ ಮೇಡಂ ನೀರಿಟ್ಟರು. ನಾನು ಏರಿದೆ. ತೊಂಬತ್ತೇಳು ಬಂತು. ಇನ್ನೇನು ನಿಲ್ಲಬೇಕು ಎಂದುಕೊಂಡೆ, ನಿಲ್ಲಲಿಲ್ಲ. ಮೆಲ್ಲಗೆ ಹತ್ತಿ ಹತ್ತಿ ನೂರಕ್ಕೆ ಬಂದು ನಿಂತೆ. ಹುಟ್ಟಿದಾಗ ಮುಟ್ಟಿದ್ದ ಗೆರೆ ಅದು.

ಚೌಡೇಶ್ವರಿ ನನ್ನನ್ನು ನೋಡಿದಳು, ಕಿಟಕಿಯಾಚೆ ನೋಡಿದಳು. “ಇದು ಸಮುದ್ರದ ಪಕ್ಕ... ನಮ್ಮ ಕೋಲಾರ ಎತ್ತರದಲ್ಲೈತೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಅದಕ್ಕೇ ನೀರು ಬೇಗ ಕುದಿಯೋದು! ಅಲ್ಲಿ ತೊಂಬತ್ತೇಳೇ ಸರಿ ಮೇಡಂ!” ಅವಳು ಅಡುಗೆಮನೆಯ ನೆಲದ ಮೇಲೇ ಕೂತು ನಗತೊಡಗಿದಳು. ನಗುನಗುತ್ತ ಅತ್ತೂ ಬಿಟ್ಟಳು.

ಅದೆಲ್ಲ ಹಳೆಯ ಮಾತು. ಈಗ ಪಾದರಸದವರನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಗುಂಡಿ ಒತ್ತಿದರೆ ಅಂಕಿ ತೋರಿಸುವ ಹೊಸಬರು ಬಂದಿದ್ದಾರೆ. ಕೋಲಾರದ ಶಾಲೆಯೊಂದರಲ್ಲಿ ಚೌಡೇಶ್ವರಿ ಟೀಚರ ಮೇಜಿನ ಡ್ರಾಯರಿನಲ್ಲಿ, ಹತ್ತಿಯ ಹಾಸಿಗೆಯಲ್ಲಿ ಬೆಚ್ಚಗೆ ಮಲಗಿದ್ದೇನೆ. ನನ್ನ ಅಂಕಿಗಳ ಬಣ್ಣ ಮಾಸಿದೆ. ವರ್ಷಕ್ಕೊಮ್ಮೆ ಅವಳೇ ಜೋಪಾನವಾಗಿ ಹೊರತೆಗೆದು ಸ್ಟ್ಯಾಂಡಿಗೆ ಸಿಕ್ಕಿಸಿ ನೀರು ಕುದಿಸುತ್ತಾಳೆ.

ಮೊನ್ನೆಯೂ ತೆಗೆದು ನೀರು ಕುದಿಸಿದಳು. ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು. ನನ್ನ ಗೆರೆಗಳು ಅವಳಿಗೆ ಕಾಣಲಿಲ್ಲ. ಮೂಲೆಯಲ್ಲಿ ಸದಾ ಸುಮ್ಮನೆ ಕೂರುವ ಮಗುವೊಂದನ್ನು ಕರೆದು, “ಈ ಸಲ ನೀನೇ ನೋಡಿ ಹೇಳು ಕಂದಾ” ಎಂದಳು.

ಮಗು ನನ್ನನ್ನು ನೋಡಿತು, ಅವಳ ಮುಖ ನೋಡಿತು, ಮತ್ತೆ ನನ್ನನ್ನು ನೋಡಿತು. “ತೊಂಬತ್ತೇಳು.”

ಚೌಡೇಶ್ವರಿ ನನ್ನ ಕಡೆ ತಿರುಗಲೂ ಇಲ್ಲ. ಹಲಗೆಯ ಮೇಲೆ ‘೯೭’ ಎಂದು ಬರೆದಳು.