ತುಪ್ಪವಿಲ್ಲದ ಪಥ್ಯ

ನಾನೊಂದು ನಾಯಿ. ಜಾತಿ ಕೇಳಬೇಡಿ, ನನ್ನವ್ವನಿಗೂ ಗೊತ್ತಿರಲಿಲ್ಲ. ಗದಗ ಸ್ಟೇಷನ್ನಿನ ಹಿಂದೆ ಮುದುಕಪ್ಪನ ಖಾನಾವಳಿ ಇತ್ತು. ಅದರ ಹಿತ್ತಲಲ್ಲಿ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕದಲ್ಲಿ ಹುಟ್ಟಿದೆ. ಕಣ್ಣು ಬಿಡುವ ಮೊದಲೇ ಎಣ್ಣೆ ಕಾಯುವ ವಾಸನೆ ಮೂಗಿಗೆ ಬಡಿದಿತ್ತು. ಅಂದಿನಿಂದ ನಾನು ಒಂದು ಕಡೆ ನೆಟ್ಟಗೆ ಕೂತವನಲ್ಲ. ಎಲ್ಲೋ ಏನೋ ಬೇಯುತ್ತಿರುತ್ತದೆ, ನಾನು ಹೋಗಿ ನೋಡದಿದ್ದರೆ ಹೇಗೆ?

ಮುದುಕಪ್ಪ ಧಾರಾಳಿ. ಗಿರಾಕಿಗಳು ಬಿಟ್ಟ ಮಿರ್ಚಿ ಭಜಿಯ ತುಂಡು, ಎಣ್ಣೆಗಾಯಿ ಪಲ್ಯದ ತಳದ ಎಣ್ಣೆ ಎಲ್ಲವನ್ನೂ ನನ್ನ ಮುಂದೆ ಸುರಿದು "ಲಾಡ್ಯಾ" ಎಂದು ಮುದ್ದಿನಿಂದ ಕರೆಯುತ್ತಿದ್ದ. ತಿಂದೆ, ಉಬ್ಬಿದೆ, ಆಮೇಲೆ ಕಕ್ಕತೊಡಗಿದೆ. ಊಟಕ್ಕೆ ಬಂದವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಮೇಲೆ ಕಕ್ಕಿದ ದಿನ ಅವನ ಧಾರಾಳತನ ಮುಗಿಯಿತು. ನನ್ನನ್ನು ಬೆಟಗೇರಿಯ ತನ್ನ ಚಿಕ್ಕಮ್ಮ ಬಸಲಿಂಗವ್ವನ ಮನೆಗೆ ಒಯ್ದು ಬಿಟ್ಟ. ಆಕೆಯ ಕೈಯಲ್ಲಿ ಉಂಡವರು ಯಾರೂ ಸೊರಗಿದ್ದಿಲ್ಲ ಎಂಬುದು ಅವನ ನಂಬಿಕೆ.

ಸುಳ್ಳಲ್ಲ. ಬಸಲಿಂಗವ್ವ ಬಾಣಂತನ ಮಾಡುವುದರಲ್ಲಿ ಹೆಸರಾದವಳು. ಬೆಟಗೇರಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಆಕೆಗೆ ಕರೆ ಬರುತ್ತಿತ್ತು. ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದ ಬಾಣಂತಿಯನ್ನು ಆಕೆ ಸುಮ್ಮನೆ ಬಿಟ್ಟದ್ದಿಲ್ಲ. ಮನೆಯಲ್ಲಿ ಆಕೆ ಮತ್ತು ಮಗ್ಗದಲ್ಲಿ ಸೀರೆ ನೇಯುವ ಸೊಸೆ ಮಹಾನಂದಾ, ಇಬ್ಬರೇ. ಮಗ್ಗದ ಲಟಪಟ ಸದ್ದಿಗೆ ನಾನು ಒಳಗೆ ಹೊರಗೆ ತಿರುಗುತ್ತಲೇ ಇರುತ್ತಿದ್ದೆ.

ನನ್ನ ವಾಂತಿ ಭೇದಿ ನೋಡಲಾಗದೆ ಮಹಾನಂದಾ ಆಟೋದಲ್ಲಿ ನನ್ನನ್ನು ದನದ ದವಾಖಾನೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ಹಸೀನಾ ಮುಲ್ಲಾ ಹೊಟ್ಟೆ ಒತ್ತಿ ನೋಡಿ, ಸೂಜಿ ಚುಚ್ಚಿ, ಕೆಲವು ದಿನ ಪಥ್ಯದಲ್ಲಿಡಿ ಎಂದರು. ಅಷ್ಟರಲ್ಲಿ ಹೊರಗೆ ಎಮ್ಮೆಯೊಂದು ಕೆಡೆದು ಬಿತ್ತು, ಡಾಕ್ಟರು ಅತ್ತ ಓಡಿದರು. ಮಹಾನಂದಾ ಮನೆಗೆ ತಂದದ್ದು ಗುಳಿಗೆ ಮತ್ತು ಆ ಒಂದು ಮಾತು.

ಪಥ್ಯ ಎಂದೊಡನೆ ಬಸಲಿಂಗವ್ವನ ಮುಖ ಅರಳಿತು. ಅದನ್ನು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸೆರಗು ಸಿಕ್ಕಿಸಿ ಒಲೆ ಹಚ್ಚಿದಳು. ಬಿಸಿ ಅನ್ನ, ಮೇಲೆ ಬೆರಳು ಮುಳುಗುವಷ್ಟು ತುಪ್ಪ, ಬಳ್ಳೊಳ್ಳಿ ಹಾಕಿದ ಮೆಣಸಿನ ಸಾರು, ಸಂಜೆಗೆ ಬೆಲ್ಲ, ತುಪ್ಪ ಸೇರಿಸಿ ಕಟ್ಟಿದ ಅಂಟಿನುಂಡಿ. ಬಾಣಂತಿಯರಿಗೂ ಇಷ್ಟು ಉಪಚಾರ ನಡೆದಿತ್ತೋ ಇಲ್ಲವೋ. ನಾನು ತಟ್ಟೆಯನ್ನು ಗೋಡೆಯವರೆಗೆ ನೆಕ್ಕುತ್ತಾ ತಳ್ಳಿಕೊಂಡು ಹೋದೆ. ಆ ಸುಖವನ್ನು ಸುಳ್ಳು ಎನ್ನಲಾರೆ.

ಆಮೇಲೆ ಹೊಟ್ಟೆಯೊಳಗೆ ಯಾರೋ ಹಗ್ಗ ಹುರಿ ಮಾಡಿದಂತಾಯಿತು. ಮಲಗಿದರೆ ನೋವು, ನಿಂತರೆ ನೋವು. ಮುಂಗಾಲು ನೆಲಕ್ಕೆ ಚಾಚಿ, ಎದೆ ಊರಿ, ಹಿಂಭಾಗ ಮೇಲೆತ್ತಿದರೆ ಮಾತ್ರ ತುಸು ತಾಳಬಹುದಿತ್ತು. ಹಾಗೇ ನಿಂತೆ. ಬಸಲಿಂಗವ್ವ ನೋಡಿ ಕಣ್ಣು ತುಂಬಿಕೊಂಡಳು. ಉಣಿಸಿದ್ದಕ್ಕೆ ನಾನು ನಮಸ್ಕಾರ ಮಾಡುತ್ತಿದ್ದೇನೆಂದು ಸೊಸೆಯನ್ನು ಕರೆದು ತೋರಿಸಿದಳು. ಮೆಚ್ಚಿ ಇನ್ನೊಂದು ಉಂಡಿ ತಂದಿಟ್ಟಳು. ಅದನ್ನೂ ತಿಂದೆ. ನಾಯಿ ನಾನು, ತಿನ್ನದೆ ಏನು ಮಾಡಲಿ?

ಮರುದಿನ ಮಧ್ಯಾಹ್ನದ ಹೊತ್ತಿಗೆ ಹಳದಿ ನೀರು ಕಕ್ಕಿ ಬಿದ್ದೆ. ದವಾಖಾನೆಯಲ್ಲಿ ಕಾಲಿಗೆ ಸಲೈನ್ ಹಚ್ಚಿದರು. ಏನು ಹಾಕಿದಿರಿ ಎಂದು ಡಾಕ್ಟರು ಕೇಳಿದಾಗ ಬಸಲಿಂಗವ್ವ ಒಂದೊಂದನ್ನೂ ಅಭಿಮಾನದಿಂದಲೇ ಹೇಳಿದಳು. ಡಾಕ್ಟರು ಸಲೈನಿನ ಹನಿ ಸರಿಪಡಿಸಿ ಆಕೆಯತ್ತ ತಿರುಗಿದರು.

"ಅವ್ವಾರ, ಇದು ಬಾಣಂತಿ ಪಥ್ಯ ಅಲ್ರಿ. ಜಿಡ್ಡು ಕರಗಸೋ ಗ್ರಂಥಿಗೇ ಬಾವು ಬಂದೈತಿ ಇದಕ್ಕ. ತುಪ್ಪ ಅಂದ್ರ ಇದಕ್ಕ ವಿಷ. ಬಳ್ಳೊಳ್ಳಿನೂ ನಾಯಿಗೆ ಆಗಿಬರೂದಿಲ್ಲ. ನಾ ಬಿಡಿಸಿ ಹೇಳಬೇಕಿತ್ತು."

ಬಸಲಿಂಗವ್ವ ಬಾಗಿಲಿಗೆ ಒರಗಿ ಕೂತುಬಿಟ್ಟಳು. ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದು ಡಾಕ್ಟರು ಹೇಳಿದ್ದು ನನಗೂ ಕೇಳಿಸಿತು. ಆಕೆ ಸರಿದು ಬಂದು ನನ್ನ ಕಿವಿಯ ಬಳಿ ಬಾಗಿದಳು.

"ನಾ ಉಣಿಸಿದ್ದಕ್ಕ ಇವತ್ತಿನ ಮಟಾ ಯಾರೂ ಸತ್ತಿಲ್ಲಲೇ. ನೀ ಮೊದಲನೇದವ ಆಗಬ್ಯಾಡ."

ನಾನು ಆಗಲಿಲ್ಲ. ಆದರೆ ಬದುಕಿ ಬಂದ ಮೇಲೆ ಸಿಕ್ಕಿದ್ದೇನು? ಬಸಿದ ಗಂಜಿ, ಬೇಯಿಸಿದ ಕುಂಬಳಕಾಯಿ, ಒಗ್ಗರಣೆ ಕಾಣದ ಹೆಸರುಬೇಳೆ. ಅದೂ ಒಮ್ಮೆಗೆ ಒಂದು ಹಿಡಿ, ಮೇಲೆ ಗುಳಿಗೆಯ ಪುಡಿ. ಹೊಟ್ಟೆ ಒಪ್ಪಿದರೆ ಮುಂದಿನ ಹೊತ್ತಿಗೆ ತುಸು ಹೆಚ್ಚು, ಇಲ್ಲದಿದ್ದರೆ ಕಡಿಮೆ. ಒಪ್ಪಿತೋ ಇಲ್ಲವೋ ನೋಡಲು ಆಕೆ ನನ್ನ ಹಿಂದೆಯೇ ಬಯಲಿಗೆ ಬರುತ್ತಿದ್ದಳು. ನನಗೆ ನಾಚಿಕೆ, ಆಕೆಗಿಲ್ಲ. ಹಸಿದು ಮನೆಯೆಲ್ಲ ಸುತ್ತಿ, ಅಡುಗೆಮನೆಯ ಬಾಗಿಲು ಕೆರೆಯುತ್ತಿದ್ದೆ. ಆಕೆ ಕದದ ಆಚೆ ಕೂತು ಅಳುತ್ತಿದ್ದಳು, ತೆರೆಯುತ್ತಿರಲಿಲ್ಲ. ಆಗ ನನಗೆ ಆಕೆಯ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು. ಉಣಿಸುವುದೇ ಬದುಕಾದವಳು ನನ್ನೊಬ್ಬನಿಗೆ ಹೀಗೆ ಮಾಡಬಹುದೆ?

ಒಮ್ಮೆ ಮುದುಕಪ್ಪ ಬಿಸಿ ಮಿರ್ಚಿಯ ಪೊಟ್ಟಣ ಹಿಡಿದು ಬಂದ. ನಾನು ಬಡಕಲಾಗಿದ್ದು ಕಂಡು ಮರುಗಿ, ಒಂದನ್ನು ಮುರಿದು ನನ್ನತ್ತ ಚಾಚಿದ. ನಾನು ಆಗಲೇ ಹಾರಿದ್ದೆ. ಬಸಲಿಂಗವ್ವ ಅವನ ಕೈ ಹಿಡಿದುಕೊಂಡಳು. ಬಂದವರಿಗೆ ಉಣ್ಣಬೇಡ ಎಂದು ಎಂದೂ ಹೇಳದವಳು, ಪೊಟ್ಟಣ ತೆಗೆದುಕೊಂಡು ಕಟ್ಟೆಯ ಮೇಲೆ ಕೂತು ತಿನ್ನು ಎಂದು ಅವನನ್ನು ಹೊರಗೆ ಕಳಿಸಿದಳು. ಅವನು ಮುನಿಸಿಕೊಂಡು ಹೋದವನು ಬಹಳ ದಿನ ಬರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಹಲ್ಲು ಉದುರಿವೆ, ಮೂತಿ ಬೆಳ್ಳಗಾಗಿದೆ. ಬಾಣಂತಿಯರ ಪಥ್ಯಕ್ಕೆ ಕೊನೆಯುಂಟು, ನನ್ನದಕ್ಕಿಲ್ಲ. ಬಸಲಿಂಗವ್ವ ದೂರ ನಡೆಯಲಾರಳು, ಮನೆಯಲ್ಲೇ ಉಂಡಿ ಕಟ್ಟಿ ಬಾಣಂತಿಯರ ಮನೆಗೆ ಸೊಸೆಯ ಕೈಯಲ್ಲಿ ಕಳಿಸುತ್ತಾಳೆ. ತುಪ್ಪ ಕಾಯುವ ವಾಸನೆ ಬಂದರೆ ಸಾಕು, ಕುಂಟುತ್ತಾದರೂ ಎದ್ದು ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಅತ್ತಿಂದಿತ್ತ ತಿರುಗುತ್ತೇನೆ. ಬುದ್ಧಿ ಬಂದಿಲ್ಲ, ಬರುವುದೂ ಇಲ್ಲ. ಆಕೆ ಕೆಲಸ ಬಿಟ್ಟು ತುಪ್ಪ ಮೆತ್ತಿದ ಕೈಯಲ್ಲೇ ಹಿತ್ತಲಿಗೆ ಹೋಗುತ್ತಾಳೆ, ಬಂದು ನನ್ನ ಮುಂದೆ ಕೂತು ಎರಡೂ ಅಂಗೈ ಬಿಚ್ಚಿ ತೋರಿಸುತ್ತಾಳೆ. ಏನೂ ಇರುವುದಿಲ್ಲ. ಆದರೂ ನೆಕ್ಕುತ್ತೇನೆ. ಬರೀ ಸೋಪಿನ ರುಚಿ.